ಒಡೆಯದ ತೆಂಗಿನಕಾಯಿ

"ನನ್ನ ಲಾರಿ ಹೊಂಟ್ರ ಸೂರ್ಯನ ಬೆಳಕೂ ಹಿಂದ ಬಿದ್ದು ತೇಕತೈತಿ!" ಎಂದು ಚನ್ನಮಲ್ಲ ಮಂಗಳಗ್ರಹದ ಬೀಗರ ಪಡಸಾಲೆಯಲ್ಲಿ ಮೀಸೆ ತಿರುವಿದ. "ಮಂದಿಗೆ ಎರಡು ದಿನ ಬೇಕು. ನಾ ಭೂಮಿಯಿಂದ ಒಂದೂವರೆ ದಿನದಾಗ ಮುಟ್ಟೀನ್ರಿ!"

ನಿಶ್ಚಿತಾರ್ಥಕ್ಕೆ ಮೂರು ದಿನ ತಡವಾಗಿ ಬಂದ ವರನ ಈ ಮಾತಿಗೆ ಯಾರೂ ನಗಲಿಲ್ಲ. ಹೆಣ್ಣು ಕೊಡುವುದೋ ಬಿಡುವುದೋ ಎಂದು ಹಿರಿಯರು ಪಿಸುಗುಟ್ಟಿದರು. ವಧು ಗುರುಬಾಯಿ ಮಾತ್ರ ಎದ್ದು ಹೋಗಿ, ಅವನ ಲಾರಿಯಿಂದ ತೆಂಗಿನಕಾಯಿ ತಂದಳು.

ಎಂಜಿನ್ ಆರಿಸದೆ ಓಡುವ ಆಕಾಶಲಾರಿಗಳು ಅರ್ಧ ದಾರಿ ವೇಗ ಏರಿಸಿ, ನಡುವೆ ಹಿಂದುಮುಂದಾಗಿ ತಿರುಗಿ, ಉಳಿದರ್ಧ ವೇಗ ಇಳಿಸುತ್ತಿದ್ದವು. ಹಾಗೆ ತಿರುಗಿಸುವಾಗ ದೇವರಿಗೆ ಕಾಯಿ ಒಡೆಯದ ಡ್ರೈವರ್ ಹುಟ್ಟಿಯೇ ಇರಲಿಲ್ಲ.

"ಕಾಯಿ ಇಡಿಯಾಗೇ ಐತಲ್ರಿ!" ಎಂದಳು ಗುರುಬಾಯಿ. "ಖರೇ ಹೇಳಿದ್ರ ಇದನ್ನ ನಿಶ್ಚಯಕ್ಕ ಒಡೀತೀನಿ. ಸುಳ್ಳಾದ್ರ ನಿಮ್ಮ ತಲಿಮ್ಯಾಲ."

ಚನ್ನಮಲ್ಲನ ಮೀಸೆ ಇಳಿಯಿತು.

"ಒಂದೂವರೆ ದಿನಕ್ಕ ಮುಟ್ಟಿದ್ದು ಖರೇನ ಐತಿ. ನಿಲ್ಲಾಕ ಆಗ್ಲಿಲ್ಲ. ನಿಮ್ಮ ಚಪ್ಪರ ಕಂಡು ಕೈ ಬೀಸಿದ್ನಿ..."

ಗುರುಬಾಯಿ ಕಾಯಿ ಎತ್ತಿದಳು.

"ಅಯ್ಯೋ, ಕೈ ಬೀಸಿದ್ದು ಸುಳ್ಳು! ನಡುದಾರ್ಯಾಗ ನಿದ್ದಿ ಹತ್ತಿತ್ತು. ಕಣ್ಣು ಬಿಟ್ಟಾಗ ನಿಮ್ಮ ಮಂಗಳ ಹಿಂದ ಉಳಿದಿತ್ತು. ಗಾಬರ್ಯಾಗ ಕಾಯಿ ಒಡಿಯೂದೂ ಮರ್ತು, ನಿಂತು ತಿರುಗಿ ಬರೂದ್ರಾಗ ಮೂರು ದಿನ ತಡ ಆತು."