ಕಟ್ಟಿಕೊಂಡ ಕೊಳವೆ

ಕೊಳವೆ ಮತ್ತೆ ಕಟ್ಟಿಕೊಂಡಿತ್ತು. ಮೂರನೇ ಸಲ.

ಆಮ್ರಪಾಲಿ ಅದನ್ನು ಪಂಪಿನಿಂದ ಕಿತ್ತು ಬೆಳಕಿಗೆ ಹಿಡಿದಳು. ಒಳಗೆ ಬಿಳಿ ಗಸಿ. ಪಡಸಾಲೆಯ ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ ಹವಳಗಳು ಅರ್ಧಕ್ಕರ್ಧ ಸತ್ತಿದ್ದವು. ಅವು ಬದುಕುವುದೇ ಈ ಪಂಪು ಹನಿಸುವ ಕ್ಯಾಲ್ಸಿಯಂ ದ್ರಾವಣದಿಂದ. ಅಕ್ವೇರಿಯಂ ಅಂಗಡಿಯಿಂದ ಬಂದು ಅದನ್ನು ಬೆರೆಸಿ ಕ್ಯಾನಿಗೆ ತುಂಬಿ ಹೋಗುವುದು ಅವಳ ಕೆಲಸ.

"ಮುಟ್ಟಿದ್ದೆಲ್ಲಾ ಸಾಯಾಕತ್ತಾವ. ಕೇರಿಯಾಕಿ ಕೈಯಾಗ ನೀರು ಕೊಟ್ರ ಇನ್ನೇನಾಗತೈತಿ?" ಜೋಕಾಲಿಯಲ್ಲಿ ಕುಳಿತ ಶಿವವ್ವ ಎಲೆಗೆ ಸುಣ್ಣ ಸವರುತ್ತ ಅಂದಳು.

"ಯವ್ವಾ, ಸುಮ್ನಿರು!" ಮಗ ಬಾಳೇಶ ಗದರಿದ. ಮೂಡಲಗಿಯ ಬೆಲ್ಲದ ವ್ಯಾಪಾರಿ ಅವನು; ಮನೆ, ತೊಟ್ಟಿ ಎರಡೂ ಅವನವೇ. "ಮನಸಿಗಿ ಹಚಗೋಬ್ಯಾಡ ತಂಗಿ. ನಾವು ಬಸವಣ್ಣನ ಮಂದಿ, ನಮ್ಮಲ್ಲಿ ಆ ಭೇದ ಇಲ್ಲ."

ಪ್ರತಿ ಸಲದಂತೆ ಇಂದೂ ಅವಳಿಗಾಗಿ ಹೊಟೇಲಿನಿಂದ ಸ್ಪೆಷಲ್ ಚಹಾ ತರಿಸಿದ್ದ, ಕಾಗದದ ಕಪ್ಪಿನಲ್ಲಿ.

"ಆದ್ರ ಹವಳಾ ಸಾಯೂದು ಖರೆ ಐತಲ್ಲ? ಗೋಕಾಕಕ್ಕ ನಿಮ್ಮ ಮಾಲಕರಿಗೆ ಫೋನ್ ಮಾಡೇನಿ. ಬ್ಯಾರೆಯವ್ರನ್ನ ಕಳಸ್ತಾರಂತ."

ಅಂದರೆ ಕೆಲಸ ಹೋದಂತೆ. ಇನ್ನೊಂದು ದೂರು ಬಂದರೆ ಅಂಗಡಿಯ ಮೆಟ್ಟಿಲು ಹತ್ತಬೇಡ ಎಂದು ಮಾಲೀಕ ಮೊದಲೇ ಹೇಳಿದ್ದ.

ಆಮ್ರಪಾಲಿ ಚಹಾ ಮುಟ್ಟಲಿಲ್ಲ. ಕ್ಯಾನಿನ ಮುಚ್ಚಳ ತೆಗೆದಳು. ಅವಳು ತುಂಬಿದ್ದು ತಿಳಿಯಾದ ದ್ರಾವಣ. ಈಗ ತಳದಲ್ಲಿ ಬೆರಳುದ್ದ ಬಿಳಿ ರಾಡಿ. ಒಂದಿಷ್ಟು ತೆಗೆದು ತಿಕ್ಕಿದಳು. ಬೆರಳು ಚುರುಗುಟ್ಟಿತು.

"ಇದು ನನ್ನ ಔಷಧ ಅಲ್ರಿ. ಎಲಿಗೆ ಹಚ್ಚೂ ಸುಣ್ಣ. ನಾ ಹೋದ ಮ್ಯಾಲ ಯಾರೋ ಚೆಲ್ಲಿ ಇದನ್ನ ತುಂಬ್ಯಾರ." ಅವಳು ಜೋಕಾಲಿಯತ್ತ ತಿರುಗಿದಳು. "ಹವಳಾ ಕೊಂದಿದ್ದು ನಿಮ್ಮ ಮಡಿ, ಆಯಿ. ಎಷ್ಟ ಬೈತೀರಿ ಬೈರಿ. ನನ್ನ ಅನ್ನಕ್ಕ ಯಾಕ ಕೈ ಹಾಕ್ತೀರಿ?"

ಬಾಳೇಶ ಅವಸರದಿಂದ ಎದ್ದ. "ಹೋಗ್ಲಿ ಬಿಡ ತಂಗಿ. ವಯಸ್ಸಾದಾಕಿ, ತಿಳೀದ ಮಾಡ್ಯಾಳ. ಮಾಲಕರಿಗೆ ನಾ ತಿಳಿಸಿ ಹೇಳ್ತೇನಿ, ಆತಲ್ಲ?"

ಶಿವವ್ವ ಕಾಲೂರಿ ಜೋಕಾಲಿ ನಿಲ್ಲಿಸಿದಳು.

"ನಾ ಬೈಯೂದಿದ್ರ ಮಾರಿ ಮ್ಯಾಲ ಬೈತೇನಿ. ಬಾಳ್ಯಾ, ಈಕಿ ಹೊಸ್ತಿಲಾ ದಾಟಿದ ಕೂಡ್ಲೆ ಕ್ಯಾನ್ ಗಟಾರಕ್ಕ ಚೆಲ್ಲಿ, ಮೂರು ಸಲ ತೊಳದು, ಕ್ಯಾಲ್ಸಿಯಂ ಅಂದ್ರ ಸುಣ್ಣನ ಅಂತ ನನ್ನ ಕಡಿಂದ ಇಸಗೊಂಡು ಕಲಸಾಂವ ನೀನ ಅಲ್ಲೇನಲೇ?"