ಹಲ್ಲಿಯ ಹಾಜರಿ

ಮಹಾಲಿಂಗ ಸಾಂಬಾರಿನ ತಳ ಕೆದಕಿ ನೋಡಿದ್ದಾಗಿತ್ತು. ಹಲ್ಲಿ ಬಿದ್ದಿರಲಿಲ್ಲ. ಆದರೂ ಸೌಟು ಹಿಡಿದ ಕೈ ಮತ್ತೆ ತಳಕ್ಕೇ ಇಳಿಯತೊಡಗಿತು.

“ಹಲ್ಲಿಯ ಹಾಜರಿ ಎಷ್ಟು ಸಲ ತೆಗೆಯುದು ಮಾರಾಯ್ರೆ?” ಇಡ್ಲಿಯ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ ಲೀಲಾಕ್ಷಿ ಕೇಳಿದಳು. “ನಿನ್ನೆಯೂ ಗಿರಾಕಿಗಳು ಕಾದು ಕಾದು ಎದ್ದುಹೋದ್ರು. ಹೀಗಾದ್ರೆ ಸದಾಶಿವ ಪೇಠದಲ್ಲಿ ನಮ್ಮ ಹೋಟೆಲ್ ಉಳಿಯುದುಂಟಾ?”

ಹೀಗೆ ಮತ್ತೆ ಮತ್ತೆ ನೋಡುವ ಕಾಯಿಲೆಗೆ ಮೆದುಳಿನ ಡೋಪಮಿನ್ ಎಂಬ ರಾಸಾಯನಿಕ ಏರುಪೇರಾಗಿರುವುದೂ ಕಾರಣವಿರಬಹುದು ಎಂದಿದ್ದರು, ಅವನನ್ನು ಪರೀಕ್ಷಿಸಿದ ಡಾಕ್ಟರು. ಕೆದಕಿದಷ್ಟೂ ಮೆದುಳು ಅದನ್ನೇ ಕಲಿಯುತ್ತದೆ. ಅನುಮಾನ ಹೋಗಲೆಂದು ಕಾಯಬೇಡಿ, ಅದು ಇರುವಾಗಲೇ ಬಡಿಸಿ ಎಂದೂ ಹೇಳಿದ್ದರು.

ಬೆವರು ಕಣ್ಣಿಗಿಳಿಯಿತು. ಮಹಾಲಿಂಗ ತಳ ಮುಟ್ಟದೆ, ಮೇಲಿನಿಂದಲೇ ಸೌಟು ತುಂಬಿ ಇಡ್ಲಿಯ ಮೇಲೆ ಸುರಿದ. “ಕೊಂಡುಹೋಗು,” ಎಂದ. ಅನುಮಾನ ಅವನ ಪಕ್ಕದಲ್ಲೇ ನಿಂತಿತ್ತು. ತಟ್ಟೆ ಹೊರಗೆ ಹೋಯಿತು.