ಹತ್ತು ಪಟ್ಟಿಯ ಸೀಟು

"ಒಂಬತ್ತು," ಎಂದ ಸೆಡ್ರಿಕ್, ಕಳ್ಳನನ್ನು ಕೈಯಾರೆ ಹಿಡಿದವನ ಧಾಟಿಯಲ್ಲಿ.

ಎನಿಡ್ ಟ್ರಾಂಟರ್‌ಳ ಕಾರಿನೊಳಗೆ ಬಗ್ಗಿ, ಬಿಳಿ ಕೈಗವಸಿನ ಬೆರಳಿನಿಂದ ಅವನು ಹಿಂದಿನ ಸೀಟಿನ ಪಟ್ಟಿಗಳನ್ನು ಎಣಿಸಿದ್ದ. ಕೆಂಪು ಚರ್ಮದ ಮೇಲೆ ಉದ್ದಕ್ಕೆ ಹೊಲಿದು ಎಬ್ಬಿಸಿದ ಉಬ್ಬು ಪಟ್ಟಿಗಳು. ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ಈ ದವಡೆಯಿಂದ ಆ ದವಡೆಗೆ ತಳ್ಳಿ, ಅಸಲಿ ಲ್ಯಾಪ್‌ವಿಂಗ್ ಕಾರಿನಲ್ಲಿ ಹತ್ತು ಇರಬೇಕು ಎಂದ.

ಅಸಲಿ ಯಾವುದು ಎಂದು ಹೇಳುವ ಅಧಿಕಾರ ಅವನದೇ. ಟಾಪು ಮಡಿಚುವ ಈ ಪುಟ್ಟ ಕಾರನ್ನು ಇದೇ ಊರಿನ ಕಾರ್ಖಾನೆ ಐದಾರು ವರ್ಷ ತಯಾರಿಸಿ ಬಾಗಿಲು ಮುಚ್ಚಿತ್ತು. ಕಾಗದಪತ್ರ ಒಂದೂ ಉಳಿದಿರಲಿಲ್ಲ. ಉಳಿದದ್ದು ಲ್ಯಾಪ್‌ವಿಂಗ್ ಸಂಘ ಮತ್ತು ಅದರ ಅಧ್ಯಕ್ಷ ಸೆಡ್ರಿಕ್ ಬ್ಲೆನ್‌ಕಿನ್. ತನ್ನ ಕಾರಿನಲ್ಲಿ ಇದ್ದದ್ದು ಅಸಲಿ, ಇಲ್ಲದ್ದು ನಕಲಿ. ಈ ತರ್ಕದಲ್ಲಿ ತಪ್ಪು ಹುಡುಕಿದವರು ಸಂಘದಲ್ಲಿ ಹೆಚ್ಚು ದಿನ ಉಳಿಯಲಿಲ್ಲ.

ಆ ಕಾರನ್ನು ಅವನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಹಿಂದಿನ ಸೀಟಿನ ಮೇಲೆ ಸದಾ ಒಂದು ಚೌಕಳಿ ಕಂಬಳಿ. ಅಲ್ಲಿ ಯಾರೂ ಕೂರುವಂತಿಲ್ಲ. ಹೆಂಡತಿ ಒಮ್ಮೆ ದಿನಸಿ ಚೀಲ ಇಟ್ಟಿದ್ದಕ್ಕೆ ವಾರವಿಡೀ ಮಾತು ಬಿಟ್ಟಿದ್ದನಂತೆ. ಅವನ ಕೋಟು, ಕಡತ, ಕಾರು, ಎಲ್ಲಕ್ಕೂ ಪೆಪ್ಪರ್‌ಮಿಂಟಿನ ವಾಸನೆ ಅಂಟಿಕೊಂಡಿತ್ತು.

ಊರಿನ ಮ್ಯೂಸಿಯಂನಲ್ಲಿ ಒಂದೇ ಒಂದು ಲ್ಯಾಪ್‌ವಿಂಗ್‌ಗೆ ಜಾಗವಿತ್ತು. ಎನಿಡ್‌ಗೆ ಎಂಬತ್ತನಾಲ್ಕು. ಗ್ಯಾರೇಜಿಲ್ಲದ ಫ್ಲ್ಯಾಟಿಗೆ ಹೋಗುವವಳಿದ್ದಳು. ಅವಳ ಗಂಡ ವಾಲ್ಟರ್ ಇಪ್ಪತ್ತು ವರ್ಷ ಆ ಕಾರಿನ ತುಕ್ಕು ಕೆರೆದು, ಬಣ್ಣ ಬಳಿದು, ಟಾಪು ಬದಲಿಸಿ ತೀರಿಕೊಂಡಿದ್ದ. ಕೈ ಹಚ್ಚದೆ ಬಿಟ್ಟಿದ್ದು ಹಿಂದಿನ ಸೀಟೊಂದನ್ನೇ, ಅದು ಕಾರ್ಖಾನೆಯಿಂದ ಬಂದ ಹಾಗೇ ಇದೆ ಎಂದು. ಕಾರು ಈ ಊರಲ್ಲೇ ಉಳಿಯಲಿ ಎಂಬುದು ಅವನ ಕೊನೆಯ ಆಸೆ. ಅದೊಂದು ನಡೆದರೆ ಸಾಕು, ಅವಳಿಗೆ ಬೇರೇನೂ ಬೇಕಿರಲಿಲ್ಲ.

ಮ್ಯೂಸಿಯಂಗೆ ಅರ್ಜಿ ಹಾಕಿದ್ದ ಇನ್ನೊಂದು ಕಾರು ಸೆಡ್ರಿಕ್‌ನದು. ಸ್ಪರ್ಧಿಯೂ ತಾನೇ, ತೀರ್ಪುಗಾರನೂ ತಾನೇ. ಇದರಲ್ಲಿ ಮುಜುಗರಪಡುವಂಥದ್ದು ಏನಿದೆ ಎಂದು ಅವನಿಗೆ ಹೊಳೆಯಲೂ ಇಲ್ಲ.

"ನಿಮ್ಮ ಯಜಮಾನ್ರು ಒಳ್ಳೇವ್ರು ಕಣಮ್ಮ. ಆದ್ರೆ ಈ ಸೀಟು ಯಾವನೋ ಸೋಫಾ ಹೊಲಿಯೋನು ಮಾಡಿರೋದು," ಎಂದ. ಸರಿಪಡಿಸಿಕೊಂಡರೆ ಮತ್ತೆ ನೋಡುತ್ತೇನೆ, ಇಲ್ಲವಾದರೆ ಬಿಡಿಭಾಗಕ್ಕಾದರೂ ತಾನೇ ಕೊಳ್ಳುತ್ತೇನೆ ಎಂದೂ ಔದಾರ್ಯ ತೋರಿದ.

ಎನಿಡ್ ವಾದಿಸಲಿಲ್ಲ. ಹಾಗಾದರೆ ನಿಮ್ಮ ಸೀಟನ್ನೇ ಮಾದರಿಗೆ ಕೊಡಿ ಎಂದಷ್ಟೇ ಕೇಳಿದಳು. ಸೆಡ್ರಿಕ್ ಉಬ್ಬಿಹೋದ.

ಮರುದಿನವೇ ತನ್ನ ಕಾರನ್ನು ಗ್ವಿಲಿಮ್ ಪ್ರೋಬರ್ಟ್‌ನ ಷೆಡ್ಡಿಗೆ ತಂದ. ಎನಿಡ್‌ಳ ಕಾರು ಆಗಲೇ ಅಲ್ಲಿತ್ತು. ನಲವತ್ತು ವರ್ಷದಿಂದ ಕಾರಿನ ಸೀಟು ಹೊಲಿಯುತ್ತಿರುವ ಆ ವೇಲ್ಸಿನವನಿಗೆ, ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಬೇಕೆಂದು ಹೇಳಿಕೊಟ್ಟ. ಗ್ವಿಲಿಮ್ ಅವನೆದುರೇ ತೊಳೆದ. ಉಗುರನ್ನೂ ತೋರಿಸಿದ.

ಎರಡು ವಾರ ಷೆಡ್ಡಿನ ಬಾಗಿಲು ಮುಚ್ಚಿತ್ತು. ಒಳಗೆ ರೇಡಿಯೋ ಹಾಡುತ್ತಿತ್ತು. ಸೆಡ್ರಿಕ್ ಬಂದು, ಹಿಂದಿನ ಸೀಟಿಗೆ ಕಂಬಳಿ ಹೊದಿಸಿದಂತೆಯೇ ಇದ್ದ ತನ್ನ ಕಾರನ್ನು ಒಯ್ದ. ಅದೇ ಮಧ್ಯಾಹ್ನ ಗ್ವಿಲಿಮ್ ಎನಿಡ್‌ಳ ಕಾರಿಗೆ ಹತ್ತು ಪಟ್ಟಿಯ ಸೀಟು ಕೂರಿಸಿದ. ಮೊದಲು ಒರಗುವ ಭಾಗವನ್ನು ಮೇಲಿನ ಕೊಕ್ಕೆಗೆ ಸಿಕ್ಕಿಸಿದ. ಆಮೇಲೆ ಮೆತ್ತೆಯನ್ನು ಹಿಂದಕ್ಕೆ ತಳ್ಳಿ ಮೊಣಕಾಲಿನಿಂದ ಒತ್ತಿದ. ಹೊಸ ಸೀಟೆಂದರೆ ಅಲ್ಲಿ ಕೆತ್ತಿ ಇಲ್ಲಿ ತಟ್ಟಿ ಅರ್ಧ ದಿನದ ಕೆಲಸ. ಇದು ಹತ್ತು ನಿಮಿಷದಲ್ಲಿ ಕೂತಿತು.

ತೀರ್ಪಿನ ದಿನ ಎರಡೂ ಕಾರುಗಳು ಮ್ಯೂಸಿಯಂ ಅಂಗಳದಲ್ಲಿ ಅಕ್ಕಪಕ್ಕ ನಿಂತವು. ಅಲ್ಲಿನ ಮುಖ್ಯಸ್ಥೆ ಫಿಲಿಪಾ ಗಾಂಟ್ ಹಾಳೆ ಹಿಡಿದು ಕಾದಿದ್ದಳು. ಸೆಡ್ರಿಕ್ ಕೈಗವಸು ತೊಟ್ಟು ಎನಿಡ್‌ಳ ಕಾರಿನೊಳಗೆ ಬಗ್ಗಿದ. ಹತ್ತು. ಸರಿ. ಆದರೆ ಎಣಿಸುವುದು ಯಾರಿಗೆ ಬರುವುದಿಲ್ಲ?

ಹೊಲಿಗೆ ಸೊಟ್ಟ, ಅಡುಗೆಮನೆಯ ಮೇಜಿನ ಮೇಲೆ ಹೊಲಿದಂತಿದೆ ಎಂದ. ಒಳಗೆ ತುಂಬಿದ್ದು ಅಗ್ಗದ ಮಾಲು. ಹಳೆಯದಾಗಿ ಕಾಣಲಿ ಎಂದು ಚರ್ಮಕ್ಕೆ ಚಹಾ ಡಿಕಾಕ್ಷನ್ ಬಳಿದಿದ್ದಾರೆ. ಮೂಗು ಹತ್ತಿರ ತಂದು ಮುಖ ಕಿವುಚಿದ.

"ಏನೋ ಪುದೀನಾ ವಾಸನೆ. ಈಗಿನ ಅಗ್ಗದ ಅಂಟು. ಏನಪ್ಪಾ ಪ್ರೋಬರ್ಟ್, ನನ್ನ ಸೀಟು ಎದುರಿಗಿಟ್ಕೊಂಡೂ ಇಷ್ಟೇನಾ ಬಂದಿದ್ದು?"

ಗ್ವಿಲಿಮ್ ತನ್ನ ಉಗುರು ನೋಡಿಕೊಂಡ.

ಇದನ್ನೆಲ್ಲ ಬರೆದು ಕೊಡುತ್ತೀರಾ ಎಂದು ಎನಿಡ್ ಮೆಲ್ಲಗೆ ಕೇಳಿದಳು. ಅದಕ್ಕಿಂತ ಸಂತೋಷ ಬೇರೆ ಇಲ್ಲ ಎಂಬಂತೆ ಸೆಡ್ರಿಕ್ ಬರೆದ: ಈ ಸೀಟು ಕಾರ್ಖಾನೆಯದಲ್ಲ, ಇಂಥ ಸೀಟಿದ್ದ ಯಾವ ಕಾರೂ ಅಸಲಿಯಲ್ಲ, ಮ್ಯೂಸಿಯಂಗೆ ತಕ್ಕದ್ದಲ್ಲ. ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದ. ಫಿಲಿಪಾ ಅದರ ಮೇಲೆ ಮೊಹರು ಒತ್ತಿದಳು.

ಎನಿಡ್ ಆ ಹಾಳೆಯನ್ನು ಸಾವಕಾಶವಾಗಿ ಓದಿದಳು. ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು.

"ಫಿಲಿಪಾ, ಅವರ ಕಾರಿನ ಕಂಬಳಿ ಸ್ವಲ್ಪ ಎತ್ತಮ್ಮ. ಪಟ್ಟಿ ಎಷ್ಟಿದೆ ಎಣಿಸು."

ಕೈಗವಸು ಇಲ್ಲದೆ ಕಂಬಳಿ ಮುಟ್ಟಬೇಡಿ ಎಂದು ಸೆಡ್ರಿಕ್ ಹೇಳುವಷ್ಟರಲ್ಲಿ ಫಿಲಿಪಾ ಎತ್ತಿಯಾಗಿತ್ತು. ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

"ಒಂಬತ್ತು," ಎಂದಳು.

ಗ್ವಿಲಿಮ್ ಹೊಸ ಸೀಟು ಹೊಲಿದೇ ಇರಲಿಲ್ಲ. ಎರಡು ಕಾರುಗಳ ಸೀಟನ್ನು ಅದಲುಬದಲು ಮಾಡಿದ್ದ, ಅಷ್ಟೆ.